ನಮ್ಮ ಮನೆತನದ ಉಷ್ಣ

ಕಾಯಿಲೆಗಳಲ್ಲಿ ಮರ್ಯಾದೆ ಇರುವವು, ಮರ್ಯಾದೆ ಇಲ್ಲದವು ಎಂದು ಎರಡು ಬಗೆ. ಬಿಪಿ, ಶುಗರ್ ಮೊದಲನೆಯ ಗುಂಪಿಗೆ ಸೇರಿದವು. ಮದುವೆ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತವರು ತಂತಮ್ಮ ಶುಗರ್ ಎಷ್ಟೆಂದು ವಿಚಾರಿಸಿಕೊಂಡು, ಪಕ್ಕದವರಿಗಿಂತ ತಮ್ಮದು ಜಾಸ್ತಿ ಇದ್ದರೆ ಒಳಗೊಳಗೇ ಒಂದಿಷ್ಟು ಹೆಮ್ಮೆಪಟ್ಟು, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾರೆ. ಮಂಡಿನೋವಿನವರಿಗೆ ಬಸ್ಸಿನಲ್ಲಿ ಸೀಟು ಸಿಗುತ್ತದೆ. ಹೃದಯದ ಕಾಯಿಲೆಯಂತೂ ಕೇಳುವುದೇ ಬೇಡ, ಆಸ್ಪತ್ರೆಯಿಂದ ಬಂದವರ ಮನೆಗೆ ನೆಂಟರು ತಿಂಗಳುಗಟ್ಟಲೆ ಸೇಬು, ಮೂಸಂಬಿ ಹೊತ್ತು ತರುತ್ತಾರೆ. ಆದರೆ ಹೊಕ್ಕುಳಿನಿಂದ ಕೆಳಗೆ, ತೊಡೆಯಿಂದ ಮೇಲೆ ಇರುವ ಜಾಗದಲ್ಲಿ ಏನಾದರೂ ಕೆಟ್ಟರೆ ಯಾರೂ ಹಣ್ಣು ತರುವುದಿಲ್ಲ. ತರುವುದಕ್ಕೆ ಅವರಿಗೆ ಗೊತ್ತಾಗಬೇಕಲ್ಲ? ಗೊತ್ತಾಗಬೇಕಾದರೆ ನಾವು ಹೇಳಬೇಕು. ಹೇಳಬೇಕೆಂದರೆ ನಾಲಗೆ ಏಳುವುದಿಲ್ಲ.

ನನಗೆ ಬಂದದ್ದು ಈ ಎರಡನೆಯ ಗುಂಪಿನ ಕಾಯಿಲೆ. ಹೆಸರೇನೋ ಭರ್ಜರಿಯಾಗಿದೆ, ಅಲ್ಸರೇಟಿವ್ ಕೊಲೈಟಿಸ್ ಎಂದು. ದೊಡ್ಡ ಕರುಳಿನ ಒಳಪದರ ಕೆಂಪಾಗಿ, ಊದಿಕೊಂಡು, ಅಲ್ಲಲ್ಲಿ ಹುಣ್ಣಾಗುವ ಕಾಯಿಲೆ. ಹೆಸರು ಕೇಳಿದವರು ಯಾವುದೋ ದೊಡ್ಡವರ ಕಾಯಿಲೆ ಎಂದುಕೊಳ್ಳಬಹುದು. ಅನುಭವ ಮಾತ್ರ ಬಹಳ ಸಾಮಾನ್ಯರದ್ದು: ದಿನಕ್ಕೆ ಎಂಟು ಸಲ, ಹತ್ತು ಸಲ ಚೆಂಬು ಹಿಡಿದು ಓಡುವುದು, ಹೋದಾಗಲೆಲ್ಲ ರಕ್ತ ನೋಡುವುದು, ವಾಪಸು ಬಂದು ಏನೂ ಆಗದವನ ಹಾಗೆ ಮುಖ ಮಾಡಿಕೊಂಡು ಕೂರುವುದು. ಮೂರರಲ್ಲಿ ಕೊನೆಯದೇ ಹೆಚ್ಚು ಕಷ್ಟದ ಕೆಲಸ. ಅದರಲ್ಲಿ ನಾನು ಒಳ್ಳೆಯ ಪಳಗಿದ ಕೈ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ನಾನು ರೇಷ್ಮೆ ಇಲಾಖೆಯ ನೌಕರ. ಮನೆ ಕೊಳ್ಳೇಗಾಲದಲ್ಲಿ. ಕೆಲಸ ಬೈಕಿನ ಮೇಲೆ. ಒಂದು ದಿನ ಹನೂರು ಕಡೆ ಹೋದರೆ ಇನ್ನೊಂದು ದಿನ ಯಳಂದೂರು ಕಡೆ. ರೈತರ ಹುಳು ಮನೆಗೆ ಹೋಗಿ, ಹುಳು ಸರಿಯಾಗಿ ಸೊಪ್ಪು ತಿನ್ನುತ್ತಿದೆಯೇ, ಜ್ವರಕ್ಕೆ ಕೂತದ್ದು ಒಟ್ಟಿಗೆ ಎದ್ದಿದೆಯೇ, ಹುಳು ಸಾಕುವ ತಟ್ಟೆಯಲ್ಲಿ ರೋಗವೇನಾದರೂ ಕಾಣಿಸಿದೆಯೇ ಎಂದು ನೋಡಿ ಸಲಹೆ ಕೊಡುವುದು. ಜ್ವರವೆಂದರೆ ಗಾಬರಿಯಾಗಬೇಡಿ, ಹುಳು ಪೊರೆ ಕಳಚುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಈ ಓಡಾಟದಿಂದ ಮೂರು ತಾಲ್ಲೂಕಿನ ಹಿಪ್ಪುನೇರಳೆ ತೋಟಗಳ ಪರಿಚಯ ನನಗೆಷ್ಟಿದೆಯೋ, ಮೂರು ತಾಲ್ಲೂಕಿನ ಶೌಚಾಲಯಗಳ ಪರಿಚಯವೂ ಅಷ್ಟೇ ಇದೆ. ಯಾವ ಬಸ್ ನಿಲ್ದಾಣದಲ್ಲಿ ಚಿಲಕ ಬೀಳುವುದಿಲ್ಲ, ಯಾವ ಪೆಟ್ರೋಲ್ ಬಂಕಿನಲ್ಲಿ ಬೀಗದ ಕೈ ಯಾರ ಜೇಬಿನಲ್ಲಿರುತ್ತದೆ, ಅಗರದ ಹತ್ತಿರ ಯಾವ ಕಬ್ಬಿನ ಗದ್ದೆಯಲ್ಲಿ ಕಾಲುವೆ ನೀರು ಪಕ್ಕದಲ್ಲೇ ಹರಿಯುತ್ತದೆ, ಎಲ್ಲವೂ ಬಾಯಿಪಾಠ. ಕಬ್ಬು ಕಟಾವಾದ ತಿಂಗಳಲ್ಲಿ ಊರಿನವರಿಗೆಲ್ಲ ಸಂತೋಷವಾದರೆ ನನಗೊಬ್ಬನಿಗೆ ದುಃಖವಾಗುತ್ತಿತ್ತು.

ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದು ಉತ್ತರ ಸಿದ್ಧವಿತ್ತು. "ಉಷ್ಣ ಕಣ್ರಿ." ಇದಕ್ಕೆ ಯಾರೂ ಎರಡನೆಯ ಪ್ರಶ್ನೆ ಹಾಕುವುದಿಲ್ಲ. ಹಾಕುವ ಬದಲು ಔಷಧಿ ಹೇಳುತ್ತಾರೆ. ಒಬ್ಬರು ಎಳನೀರು ಕೆತ್ತಿ ಕೈಗೆ ಕೊಡುತ್ತಾರೆ, ಒಬ್ಬರು ಕಾಮಕಸ್ತೂರಿ ಬೀಜ ನೆನೆಸಿ ಕುಡಿಯಿರಿ ಎನ್ನುತ್ತಾರೆ, ಮತ್ತೊಬ್ಬರು ಹೊಕ್ಕುಳಿಗೆ ಹರಳೆಣ್ಣೆ ಇಟ್ಟು ಮಲಗಲು ಹೇಳುತ್ತಾರೆ. ನಾನು ಎಲ್ಲವನ್ನೂ ಮಾಡಿದ್ದೇನೆ. ಎಣ್ಣೆಯಿಂದ ಬನಿಯನ್ನುಗಳು ಹಾಳಾದವೇ ಹೊರತು ಕರುಳಿಗೆ ಸುದ್ದಿಯೇ ಮುಟ್ಟಲಿಲ್ಲ.

ಈ ಉಷ್ಣ ಎನ್ನುವುದು ನಾನು ಕಂಡುಹಿಡಿದ ನೆಪವಲ್ಲ, ನಮ್ಮ ಮನೆತನದ್ದು. ನಮ್ಮ ಮೂಲ ಊರು ಯಳಂದೂರು ತಾಲ್ಲೂಕಿನ ಹೊನ್ನೂರು. ನಮ್ಮಪ್ಪ ಅಲ್ಲಿ ಭತ್ತ, ಕಬ್ಬು ಮಾಡಿಕೊಂಡಿದ್ದವರು. ನನಗೆ ನೆನಪಿರುವಂತೆ ಅವರು ಗದ್ದೆಯಲ್ಲಿ ಉತ್ತದ್ದಕ್ಕಿಂತ ಗದ್ದೆಯ ಬದುವಿನಾಚೆಗೆ ಹೋಗಿ ಬಂದದ್ದೇ ಹೆಚ್ಚು. ಕೇಳಿದರೆ ಉಷ್ಣದ ಮೈ ಎನ್ನುತ್ತಿದ್ದರು. ಅಪ್ಪನ ತಂಗಿಯನ್ನು, ಅಂದರೆ ನನ್ನ ಸೋದರತ್ತೆಯನ್ನು, ಅಗರಕ್ಕೆ ಕೊಟ್ಟಿತ್ತು. ಅವರೂ ಉಷ್ಣದ ಮೈಯವರೇ. ಯಾರ ಮನೆಯ ಮದುವೆಗೆ ಹೋದರೂ ಅವರು ಚಪ್ಪರದಲ್ಲಿ ಕೂರುತ್ತಿರಲಿಲ್ಲ, ಹಿತ್ತಲ ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಳ್ಳುತ್ತಿದ್ದರು. ಅಡುಗೆಯವರ ಮೇಲೆ ಕಣ್ಣಿಡಲು ಕೂತಿದ್ದಾರೆ ಎಂದು ಎಲ್ಲರೂ ಹೊಗಳುತ್ತಿದ್ದರು. ಹೀಗೆ ಮೂರು ಜನರಿಗೆ ಒಂದೇ ಕಾಯಿಲೆ ಇದ್ದೂ ನಮ್ಮ ವಂಶದಲ್ಲಿ ಯಾರಿಗೂ ಕಾಯಿಲೆಯೇ ಇರಲಿಲ್ಲ.

ನಾನು ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ಎರಡು ವರ್ಷದ ಹಿಂದೆ. ಹನೂರಿನಲ್ಲಿ ರೈತರಿಗೆ ಒಂದು ತರಬೇತಿ ಇತ್ತು, ನನ್ನ ಭಾಷಣದ ವಿಷಯ ಸಪ್ಪೆ ರೋಗ. ಸಪ್ಪೆ ರೋಗವೆಂದರೆ ರೇಷ್ಮೆ ಹುಳುವಿನ ಹೊಟ್ಟೆಯ ಕಾಯಿಲೆ. ಹುಳು ಸೊಪ್ಪು ತಿನ್ನುವುದು ಬಿಡುತ್ತದೆ, ಮೈ ಸಡಿಲವಾಗುತ್ತದೆ, ಭೇದಿ ಮಾಡಿಕೊಂಡು ಸಾಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ನಾನು ಮೂರು ಸಲ ವೇದಿಕೆ ಬಿಟ್ಟು ಓಡಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮಾದಪ್ಪ ಎನ್ನುವ ರೈತ ಪಕ್ಕದವನಿಗೆ, "ಸಾಯೇಬ್ರಿಗೆ ಮ್ಯಾಲಿಂದ ಫೋನ್ ಬತ್ತಾ ಅದೆ ಕಣ್ಲಾ, ಪಾಪ, ಬುಡುವೇ ಇಲ್ಲ" ಎಂದು ವಿವರಿಸಿದನಂತೆ. ನಾಲ್ಕನೆಯ ಫೋನಿಗೆ ಹೋದವನು ಬಾಗಿಲ ಹತ್ತಿರ ತಲೆ ಸುತ್ತಿ ಗೋಡೆ ಹಿಡಿದು ಕೂತೆ. ರಕ್ತ ಹೋಗಿ ಹೋಗಿ ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಮಾದಪ್ಪನೇ ಬಂದು ಎಬ್ಬಿಸಿ, ಎಳನೀರು ಕುಡಿಸಿ, ಬಸ್ಸು ಹತ್ತಿಸಿದ. ಮನೆಯಲ್ಲಿ ನನ್ನ ಮುಖ ನೋಡಿದ ಹೆಂಡತಿ ಸುಮಿತ್ರ ಬೆಳಿಗ್ಗೆ ಎದ್ದು ಮೈಸೂರಿಗೆ ಕರೆದುಕೊಂಡು ಹೋದಳು.

ಮೈಸೂರಿನ ಡಾಕ್ಟರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮಾತು ಮೆಲ್ಲಗೆ, ಪ್ರಶ್ನೆ ಮಾತ್ರ ನೇರ. ಎಷ್ಟು ಸಲ, ಯಾವ ಬಣ್ಣ, ಎಷ್ಟು ದಿನದಿಂದ ಎಂದು ಒಂದರ ಮೇಲೊಂದು ಕೇಳಿದರು. ಅಂಥ ವಿಷಯವನ್ನು ಹೆಣ್ಣುಮಗಳೊಬ್ಬಳ ಎದುರಿಗೆ ಹೇಳಬೇಕಾಗಿ ಬಂದದ್ದು ನನ್ನ ಬದುಕಿನಲ್ಲೇ ಮೊದಲು. ಹತ್ತು ಎನ್ನುವ ಕಡೆ ಐದು ಎಂದೆ. ಒಂದು ವರ್ಷ ಎನ್ನುವ ಕಡೆ ಒಂದು ತಿಂಗಳು ಎಂದೆ. "ಮನೆತನದಲ್ಲಿ ಯಾರಿಗಾದರೂ ಈ ಥರ ಇತ್ತಾ?" ಎಂದು ಕೇಳಿದಾಗ ಎದೆಯುಬ್ಬಿಸಿ, "ಇಲ್ಲ ಡಾಕ್ಟ್ರೇ, ನಮ್ಮಪ್ಪಂಗೆ ಒಂದು ನೆಗಡೀನೂ ಬರ್ತಿರಲಿಲ್ಲ" ಎಂದೆ. ನಾನು ಸುಳ್ಳು ಹೇಳಿದೆ ಎಂದು ಆಗ ನನಗೆ ಅನ್ನಿಸಲೇ ಇಲ್ಲ. ಅವರು ಕೇಳಿದ್ದು ಕಾಯಿಲೆ, ನಮ್ಮಪ್ಪನಿಗಿದ್ದದ್ದು ಉಷ್ಣ. ಎರಡಕ್ಕೂ ಏನು ಸಂಬಂಧ? ಮೂರನೆಯ ಸಲ ಹೋದಾಗ ನಾಚಿಕೆಯಿಂದ ನಿಜ ಹೇಳಿದೆ. ಅವರು ಬೈಯಲಿಲ್ಲ, ಫೈಲಿನಲ್ಲಿ ಇದ್ದ ಬರಹದ ಮೇಲೆ ಒಂದು ಗೀಟು ಎಳೆದು ಹೊಸದಾಗಿ ಬರೆದುಕೊಂಡರು.

ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದ ಮೇಲೆ ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾಯಿಲೆ ಯಾಕೆ ಬರುತ್ತದೆಂದು ಹೇಳಿದರು. "ಇದಕ್ಕೆ ಇಂಥದ್ದೇ ಕಾರಣ ಅಂತ ಒಂದನ್ನು ಬೊಟ್ಟು ಮಾಡೋಕೆ ಆಗಲ್ಲ. ಹುಟ್ಟುವಾಗ ತಂದೆತಾಯಿಯಿಂದ ಬಂದ ಜೀನುಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇರುತ್ತೆ, ಒಂದೆರಡಲ್ಲ, ನೂರಾರು ಕಡೆ. ಒಂದೊಂದೂ ಅಪಾಯವನ್ನ ಒಂಚೂರು ಹೆಚ್ಚು ಮಾಡುತ್ತೆ ಅಷ್ಟೆ. ಇನ್ನೊಂದು ಕಡೆ ನಮ್ಮ ಕರುಳಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ವಾಸ ಮಾಡ್ತಿರುತ್ತವೆ. ಹೆಚ್ಚಿನವು ನಮಗೆ ಬೇಕಾದವೇ. ಈ ಕಾಯಿಲೆಯವರಲ್ಲಿ ಅವುಗಳ ಬಗೆ ಕಮ್ಮಿಯಾಗಿ, ಒಳ್ಳೆಯವು ಇಳಿದು, ತಂಟೆ ಮಾಡೋವು ಜಾಸ್ತಿ ಆಗಿರ್ತವೆ. ಕರುಳಿನ ಒಳಪದರ ಸಡಿಲವಾಗಿದ್ದರೆ ಅವು ಹತ್ತಿರ ಬರ್ತವೆ. ಆಗ ಮೈ ಕಾಯೋ ಶಕ್ತಿ ಮನೆಯವರನ್ನೇ ಕಳ್ಳರು ಅಂದುಕೊಂಡು ಹೊಡೆಯೋಕೆ ಶುರು ಮಾಡುತ್ತೆ. ಏಟು ಬೀಳೋದು ನಮ್ಮ ಕರುಳಿಗೇ." ಒಂದೇ ಬಸಿರಲ್ಲಿ ಹುಟ್ಟಿದ, ಅಚ್ಚು ಒಂದೇ ಥರದ ಅವಳಿಗಳಲ್ಲೂ ಎಷ್ಟೋ ಸಲ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರುವುದಿಲ್ಲ ಎಂದರು. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ ಎಂದರು. ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ, ಆದರೆ ನಾವಾಗಿ ನಿಲ್ಲಿಸಬಾರದು ಎಂದರು.

ಹೆಂಡತಿ ತಲೆಯಾಡಿಸುತ್ತಿದ್ದಳು. ನನಗೆ ಮಾತ್ರ ಇದೆಲ್ಲ ಎಲ್ಲೋ ಕೇಳಿದಂತಿದೆಯಲ್ಲ ಎನ್ನಿಸಿತು. ಕೇಳಿದ್ದು ನನ್ನ ಬಾಯಿಂದಲೇ. ಯಾವ ರೈತನ ಹುಳುವಿಗೆ ಸಪ್ಪೆ ರೋಗ ಬಂದರೂ ಅವನ ಮೊದಲ ಮಾತು, "ಮೊಟ್ಟೆನೇ ಸರಿಯಿಲ್ಲ ಸಾ." ಅಂದರೆ ತಪ್ಪು ತಳಿಯದ್ದು, ತಳಿ ಕೊಟ್ಟವರದ್ದು. ನನ್ನ ಉತ್ತರವೂ ಅಷ್ಟೇ ಗಟ್ಟಿ: "ಒದ್ದೆ ಸೊಪ್ಪು ಹಾಕಿದ್ದೀಯ, ಮನೆ ಸರಿಯಾಗಿ ತೊಳೆದಿಲ್ಲ, ಗಾಳಿ ಆಡೋಕೆ ಬಿಟ್ಟಿಲ್ಲ." ಅಂದರೆ ತಪ್ಪು ಮನೆಯದ್ದು, ಮನೆಯ ಕ್ರಿಮಿಯದ್ದು. ಇಪ್ಪತ್ತೆರಡು ವರ್ಷ ಈ ಜಗಳವನ್ನು ನಾನು ಒಂದೇ ಕಡೆಯಿಂದ ಆಡಿದ್ದೇನೆ, ಒಂದು ಸಲವೂ ಸೋತಿಲ್ಲ. ತಳಿ ನಾಜೂಕಾಗಿದ್ದೂ ಮನೆ ಚೊಕ್ಕಟವಾಗಿದ್ದರೆ ರೇಷ್ಮೆ ಗೂಡು ಬರುತ್ತದೆ, ಮನೆ ಅಷ್ಟಕ್ಕಷ್ಟೇ ಇದ್ದರೂ ತಳಿ ಗಟ್ಟಿ ಇದ್ದರೆ ಗೂಡು ಬರುತ್ತದೆ, ಎರಡೂ ಒಟ್ಟಿಗೆ ಕೈಕೊಟ್ಟಾಗಲೇ ತಟ್ಟೆ ಖಾಲಿಯಾಗುವುದು ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದರೂ ಒಪ್ಪಿಕೊಳ್ಳುವುದು ನೌಕರಿಯಲ್ಲಿ ರೂಢಿಯಿಲ್ಲ. ಡಾಕ್ಟರು ಒಂದೇ ಉಸಿರಿನಲ್ಲಿ ಎರಡನ್ನೂ ಒಪ್ಪಿಕೊಂಡದ್ದು ನೋಡಿ ನನಗೆ ಆಶ್ಚರ್ಯವಾಯಿತು.

ಡಾಕ್ಟರು ಹೇಳಿದ್ದು ಒಂದೇ ಮಾತಾದರೂ ಅದು ಕೊಳ್ಳೇಗಾಲ ತಲುಪುವಷ್ಟರಲ್ಲಿ ಎರಡಾಗಿ ಒಡೆದಿತ್ತು. ಅಪ್ಪ ಹೋದ ಮೇಲೆ ನಮ್ಮ ಜೊತೆಯಲ್ಲೇ ಇರುವ ಅವ್ವ ಬಾಗಿಲಲ್ಲೇ, "ಅದ್ಯಾನಂತೆ ಮಗ?" ಎಂದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಸುಮಿತ್ರ, "ವಂಶದಿಂದ ಬತ್ತದಂತೆ ಅತ್ತೆ. ಮಾವನ ಕಡೆಯಿಂದ ಬಂದಿರಬೇಕು" ಎಂದುಬಿಟ್ಟಳು. ಅವ್ವ ಅಲ್ಲೇ ಗಟ್ಟಿಯಾಗಿ ನಿಂತುಕೊಂಡಳು. "ನಿಮ್ಮಾವ್ನೋರು ಆಸ್ಪತ್ರೆ ಮೊಕ ನೋಡ್ನಿಲ್ಲ ಕನವ್ವ. ಅವ್ರಿಗೆ ಇದ್ದದ್ದು ಉಷ್ಣ. ಡಾಕ್ಟ್ರು ಇನ್ನೇನೂ ಏಳ್ನಿಲ್ವಾ?" ನಾನು ಸತ್ಯಸಂಧನಾಗಲು ಹೋಗಿ, ಕರುಳಿನ ಬ್ಯಾಕ್ಟೀರಿಯಾ ವಿಷಯವೂ ಇದೆ ಎಂದೆ. ಬ್ಯಾಕ್ಟೀರಿಯಾ ಅಂದರೇನು ಎಂದಳು. ಕಣ್ಣಿಗೆ ಕಾಣದ ಜೀವಿಗಳು, ಈಗ ಮೊಸರಲ್ಲಿ ಇರುತ್ತವಲ್ಲ ಹಾಗೆ, ಎಂದೆ. ಉದಾಹರಣೆ ಕೊಡುವ ಚಟ ನನಗೆ ನೌಕರಿಯಿಂದ ಬಂದದ್ದು. ಆ ಒಂದು ಉದಾಹರಣೆಗೆ ನಾನು ಎರಡು ವರ್ಷ ಮೊಸರು ತಿಂದೆ.

ಯಾಕೆಂದರೆ ನಮ್ಮ ಮನೆಯ ಮೊಸರಿಗೆ ಒಂದು ಚರಿತ್ರೆ ಇದೆ. ಸುಮಿತ್ರ ಹನೂರು ಕಡೆಯ ಹಳ್ಳಿಯವಳು. ಮದುವೆಯಾಗಿ ಬಂದಾಗ ನಮ್ಮ ಮನೆಯ ಮೊಸರು ನೀರು ನೀರಾಗಿದೆ ಎಂದು ತವರಿಗೆ ಹೋದಾಗ ಒಂದು ಸಣ್ಣ ಡಬ್ಬಿಯಲ್ಲಿ ಹೆಪ್ಪು ತಂದಿದ್ದಳು. ಅಂದಿನಿಂದ ಇಂದಿನವರೆಗೆ ನಿನ್ನೆಯ ಮೊಸರಿನಿಂದ ಇವತ್ತಿನದಕ್ಕೆ ಹೆಪ್ಪು ಹಾಕಿಕೊಂಡು ಬಂದ ಅದೇ ಸಂತತಿ ನಡೆಯುತ್ತಿದೆ. ಕತ್ತಿಯಲ್ಲಿ ಕೊಯ್ಯುವ ಹಾಗಿರುತ್ತದೆ. ಅವ್ವ ಆ ಮೊಸರನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಬಾಯಿ ಚಪ್ಪರಿಸಿಕೊಂಡು ತಿಂದವಳು. ಈಗ ಸಿಕ್ಕಿತಲ್ಲ ಎಳೆ. "ನಾ ಆವತ್ತೇ ಅಂದ್ಕಂಡಿ, ಬ್ಯಾರೆ ಊರಿನ ಎಪ್ಪು ನಮ್ಮೋರ ಒಟ್ಟೆಗೆ ಒಗ್ಗಲ್ಲ ಅಂತ" ಎಂದಳು. ಮಾರನೆಯ ದಿನವೇ ಪಕ್ಕದ ಬೀದಿಯಲ್ಲಿರುವ ಹೊನ್ನೂರಿನವರೊಬ್ಬರ ಮನೆಯಿಂದ ಹೆಪ್ಪು ಬೇಡಿ ತಂದು ತನ್ನದೇ ಒಂದು ಮಡಕೆ ಇಟ್ಟಳು. ಹೀಗೆ ನಮ್ಮ ಅಡುಗೆಮನೆಯಲ್ಲಿ ಎರಡು ಮೊಸರಾದವು. ಊಟಕ್ಕೆ ಕೂತರೆ ಎಡದಿಂದ ಒಂದು ಸೌಟು, ಬಲದಿಂದ ಒಂದು ಸೌಟು. ಯಾವುದನ್ನೂ ಬೇಡವೆನ್ನುವ ಹಾಗಿಲ್ಲ, ಒಂದನ್ನು ಹೆಚ್ಚು ತಿಂದರೆ ಇನ್ನೊಂದಕ್ಕೆ ಅವಮಾನ. ಮೊಸರಿನಿಂದ ಈ ಕಾಯಿಲೆ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಎಷ್ಟು ಸಲ ಹೇಳಿದರೂ ಆ ಭಾಗ ಮಾತ್ರ ಇಬ್ಬರಿಗೂ ಕೇಳಿಸಲಿಲ್ಲ.

ವಾದಗಳು ಬಹಳ ಮೇಲ್ಮಟ್ಟದಲ್ಲಿ ನಡೆಯುತ್ತಿದ್ದವು. ವಂಶದಿಂದ ಬರುವುದಾದರೆ ಹೊನ್ನೂರಿನಲ್ಲಿರುವ ನಿನ್ನ ತಮ್ಮನಿಗೆ ಯಾಕೆ ಬಂದಿಲ್ಲ ಎಂದು ಅವ್ವ ಕೇಳುವಳು. ನನ್ನ ತಮ್ಮ ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯ ಹಾಗೆ ಕಡಿದು ತಿಂದು ಸುಖವಾಗಿರುವ ಮನುಷ್ಯ. ಪ್ರಶ್ನೆ ನ್ಯಾಯವಾದದ್ದೇ. ಮೊಸರಿನಿಂದ ಬರುವುದಾದರೆ ಅದನ್ನೇ ತಿಂದ ನನಗೆ, ನಿಮಗೆ ಯಾಕೆ ಬಂದಿಲ್ಲ ಎಂದು ಸುಮಿತ್ರ ಕೇಳುವಳು. ಅದೂ ನ್ಯಾಯವೇ. ಎರಡೂ ಪ್ರಶ್ನೆಯನ್ನು ಒಟ್ಟಿಗೆ ಇಟ್ಟು ನೋಡಿದ್ದರೆ ಡಾಕ್ಟರು ಹೇಳಿದ ಉತ್ತರವೇ ಸಿಗುತ್ತಿತ್ತು. ಆದರೆ ಉತ್ತರ ಯಾರಿಗೆ ಬೇಕಿತ್ತು? ಇನ್ನೊಂದು ವಿಷಯವನ್ನು ನಾನೇ ಮುಚ್ಚಿಟ್ಟಿದ್ದೆ. ಚಿಕ್ಕಂದಿನಿಂದ ಸೀನು ಬಂದರೂ ಔಷಧಿ ಅಂಗಡಿಗೆ ಹೋಗಿ ಕೇಳಿ ಕೇಳಿ ಆಂಟಿಬಯೋಟಿಕ್ ನುಂಗಿದ್ದರೆ ಅದೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೆಡಿಸಿರಬಹುದು ಎಂದು ಡಾಕ್ಟರು ನನ್ನನ್ನೇ ನೋಡಿ ಹೇಳಿದ್ದರು. ಹಾಗೆ ನುಂಗಿದವನು ನಾನು. ಇಬ್ಬರ ಜಗಳದಲ್ಲಿ ಮೂರನೆಯ ಆರೋಪಿಯ ಹೆಸರೇ ಬಾರದಿದ್ದಾಗ ನಾನಾಗಿ ಮುಂದೆ ಬಂದು ಕೈ ಎತ್ತುವಷ್ಟು ದೊಡ್ಡವನಲ್ಲ.

ಮಾತ್ರೆ ಶುರುವಾಗಿ ಮೂರು ತಿಂಗಳಿಗೆ ರಕ್ತ ನಿಂತಿತು. ಓಟ ಕಮ್ಮಿಯಾಯಿತು. ಕಬ್ಬು ಕಟಾವಾದರೂ ದುಃಖವಾಗದ ದಿನಗಳು ಬಂದವು. ನಾನು ಹುಷಾರಾದರೂ ಜಗಳ ಮಾತ್ರ ಹುಷಾರಾಗಲಿಲ್ಲ. ಅಭ್ಯಾಸಬಲದಿಂದ ಅದು ತನ್ನಷ್ಟಕ್ಕೆ ನಡೆಯುತ್ತಿತ್ತು. ನಾನು ಎರಡು ಮೊಸರು ತಿಂದುಕೊಂಡು ಎರಡೂ ಕಡೆ ತಲೆಯಾಡಿಸುತ್ತಿದ್ದೆ.

ಈ ಎಲ್ಲದರ ನಡುವೆ ನಮ್ಮ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ನಮ್ಮ ಒಬ್ಬಳೇ ಮಗಳು ಚೈತ್ರ. ಕೊಳ್ಳೇಗಾಲದಲ್ಲೇ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಮೊದಲು ತುಂಬ ಮಾತಾಡುತ್ತಿದ್ದವಳು ಈಚೆಗೆ ಮಾತು ಕಮ್ಮಿ ಮಾಡಿದ್ದಳು. ಬೆಳಿಗ್ಗೆ ತಿಂಡಿ ತಿನ್ನದೆ ಕಾಲೇಜಿಗೆ ಹೋಗುತ್ತಿದ್ದಳು. ಗೆಳತಿಯರು ಬೆಟ್ಟಕ್ಕೆ ಹೋಗೋಣ ಬಾ ಎಂದು ಮನೆಗೆ ಬಂದು ಕರೆದರೂ ಓದುವುದಿದೆ ಎಂದು ತಪ್ಪಿಸಿಕೊಂಡಳು. ಬಟ್ಟೆ ದೊಗಳೆಯಾಗುತ್ತಿತ್ತು. ಈಗಿನ ಹುಡುಗಿಯರು ಸಣ್ಣಗಾಗಲು ಊಟ ಬಿಡುತ್ತಾರೆ ಎಂದು ಸುಮಿತ್ರ ಬೈದಳು, ನಾನೂ ದನಿಗೂಡಿಸಿದೆ. ಸಾವಿರ ಹುಳುವಿರುವ ತಟ್ಟೆಯಲ್ಲಿ ಸೊಪ್ಪು ಬಿಟ್ಟ ಒಂದು ಹುಳುವನ್ನು ಬಾಗಿಲಲ್ಲೇ ನಿಂತು ತೋರಿಸಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದ ನಾನು, ಎದುರಿಗೆ ಕೂತು ತಟ್ಟೆ ಸರಿಸುತ್ತಿದ್ದ ಮಗಳನ್ನು ನೋಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವ್ವ ಎಡದಿಂದ ತನ್ನ ಮೊಸರು ಬಡಿಸಿ, "ಇದು ತಿನ್ನಾಕೆ ಸುರು ಮಾಡುದ್ ಮ್ಯಾಲೇ ನೀ ಉಸಾರಾದದ್ದು" ಎಂದಳು. ಸುಮಿತ್ರ ಬಲದಿಂದ ಬಡಿಸುತ್ತಾ, "ಉಸಾರಾದದ್ದು ಮಾತ್ರೆಯಿಂದ. ಬಂದದ್ದು ವಂಶದಿಂದ" ಎಂದಳು. ಚೈತ್ರ ತಟ್ಟೆಯಿಂದ ಕೈ ತೆಗೆದಳು. ಅಳಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ಅಪ್ಪ, ನಂಗೂ ಅದೇ ಆಯ್ತಾ ಅದೆ. ರಕ್ತನೂ ಓಯ್ತದೆ. ಐದು ತಿಂಗ್ಳಾಯ್ತು."

ಸುಮಿತ್ರ ಸೌಟು ಹಿಡಿದ ಹಾಗೇ ನಿಂತಳು. ಅವ್ವ, "ಅಯ್ಯೋ ಕೂಸೇ, ಮೊದ್ಲೇ ಯಾಕೆ ಏಳ್ನಿಲ್ಲ?" ಎಂದಳು.

"ಎಂಗೆ ಏಳಾದು ಅಜ್ಜಿ? ಏಳುದ್ರೆ ಇದು ಯಾರಿಂದ ಬಂತು ಅಂತ ಮೊದ್ಲಿಂದ ಸುರು ಮಾಡ್ತೀರ. ನೀನು ಅಮ್ಮನ ಎಪ್ಪು ಅಂತೀಯ, ಅಮ್ಮ ತಾತನ ವಂಶ ಅಂತದೆ. ನನ್ನ ಒಟ್ಟೆ ನೋವಿಗೆ ನಿಮ್ಮಿಬ್ಬರಲ್ಲಿ ಯಾರ್ಗೆ ಬೈಗ್ಳ ತಿನ್ನುಸ್ಲಿ?"

ಹುಳು ಮನೆಯಲ್ಲಿ ರೋಗ ಬಂದ ತಟ್ಟೆಯನ್ನು ರೈತರು ಬೇರೆ ತಟ್ಟೆಗಳ ಹಿಂದೆ ಅಡಗಿಸಿಡುವುದುಂಟು, ನಾನು ಬೈಯುತ್ತೇನೆ ಎಂದು ಹೆದರಿ. "ಮೊದಲೇ ತೋರಿಸಿದ್ದರೆ ಉಳಿಸಬಹುದಿತ್ತಲ್ಲಪ್ಪ" ಎಂದು ಅವರನ್ನು ಇನ್ನಷ್ಟು ಬೈಯುವುದು ನನ್ನ ಪದ್ಧತಿ. ಬೈಯುವವರಿರುವ ಕಡೆ ಯಾರೂ ತೋರಿಸುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲು ನನ್ನ ಮಗಳೇ ಹೀಗೆ ಹೇಳಬೇಕಾಯಿತು. ಅವಳು ಐದು ತಿಂಗಳು ತರಗತಿಯಲ್ಲಿ ಹಿಂದಿನ ಬಾಗಿಲ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದಳಂತೆ. ಅದನ್ನು ಹೇಳಿದಾಗ ಅವ್ವ ಕಣ್ಣೊರೆಸಿಕೊಂಡಳು. "ನಿಮ್ಮಪ್ಪಾರ್ದು ಉಷ್ಣ ಅಲ್ಲ ಕನ್ ಮಗ. ಸಾಯೋ ವರ್ಸ ಓದಾಗೆಲ್ಲ ರಕ್ತ ಓಯ್ತಿತ್ತು. ಯಾರ್ಗೂ ಏಳಬ್ಯಾಡ ಅಂದಿದ್ರು" ಎಂದಳು. ಅಪ್ಪನ ಜೊತೆ ಮೂವತ್ತು ವರ್ಷ ಬಾಳಿದ ಅವ್ವ ಆ ಮಾತನ್ನು ಹೇಳಲು ಮೊಮ್ಮಗಳು ಬೇಕಾದಳು. ಸುಮಿತ್ರ ಅತ್ತೆಯ ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟಳು. ಆವತ್ತು ಮೊಸರು ಯಾರೂ ತಿನ್ನಲಿಲ್ಲ.

ಮರುದಿನವೇ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದೆ. ಅದೇ ಡಾಕ್ಟರು. ಚೈತ್ರಳ ಕಡೆ ತಿರುಗಿ, ದಿನಕ್ಕೆ ಎಷ್ಟು ಸಲ ಹೋಗ್ತೀಯಮ್ಮ ಎಂದರು. ಅವಳು ಬಾಯಿ ತೆರೆಯುವ ಮೊದಲೇ ನಾನು, "ಮೂರು ನಾಲ್ಕು ಸಲ ಇರಬಹುದು ಡಾಕ್ಟ್ರೇ" ಎಂದೆ. ಬೆಳೆದ ಮಗಳ ಬಗ್ಗೆ ಅದಕ್ಕಿಂತ ದೊಡ್ಡ ಸಂಖ್ಯೆ ಹೇಳಲು ನನಗೆ ಮನಸ್ಸು ಬರಲಿಲ್ಲ. "ಎಂಟು" ಎಂದಳು ಚೈತ್ರ. ರಕ್ತ ಯಾವಾಗಲಾದರೂ ಒಮ್ಮೊಮ್ಮೆ, ಎಂದೆ ನಾನು. "ದಿನಾ" ಎಂದಳು ಅವಳು. ಡಾಕ್ಟರು ಪೆನ್ನು ಕೆಳಗಿಟ್ಟು, ನೀವು ಸ್ವಲ್ಪ ಹೊರಗೆ ಕೂತಿರಿ ಎಂದರು. ನಾನು ಹೊರಗೆ ಬಂದೆ. ಅಂದು ರಕ್ತಪರೀಕ್ಷೆ, ಮಲಪರೀಕ್ಷೆ ಆಯಿತು. ಇನ್ನೊಂದು ದಿನ ಕ್ಯಾಮೆರಾ. ಫಲಿತಾಂಶ ಹೇಳುವ ದಿನವೂ ನಾನು ಹೊರಗೇ ಕೂತೆ. ಈ ಸಲ ಡಾಕ್ಟರಲ್ಲ, ಮಗಳೇ ಕೂರಿಸಿದ್ದು.

ಆ ಅರ್ಧ ಗಂಟೆ ನಾನು ಕೂತ ಕಬ್ಬಿಣದ ಕುರ್ಚಿಯಲ್ಲಿ ನನಗೆ ಬಹಳ ಭಯವಾಯಿತು. ನನಗೆ ಐವತ್ತೊಂದು ವರ್ಷ, ಅರ್ಧಕ್ಕಿಂತ ಹೆಚ್ಚು ಬದುಕು ಮುಗಿದಿದೆ. ಅವಳಿಗೆ ಇಪ್ಪತ್ತೊಂದು. ನನ್ನ ಮೂಗು ಅವಳಿಗೆ ಬಂದಿದೆ, ನನ್ನ ಕೈಬರಹ ಬಂದಿದೆ, ಇದೊಂದು ಬಾರದಿದ್ದರೆ ಸಾಕು ಎಂದುಕೊಂಡೆ. ಹಾಗೆ ಬೇಡಿಕೊಂಡು ಪ್ರಯೋಜನವಿಲ್ಲ, ಬರುವುದು ಆಗಲೇ ಬಂದಾಗಿದೆ, ಈಗ ಅದು ಎಷ್ಟು ದೂರ ಹೋಗಿದೆ ಎಂಬುದಷ್ಟೇ ತಿಳಿಯಬೇಕು ಎಂದು ನನ್ನದೇ ಬುದ್ಧಿ ನನಗೆ ಹೇಳಿತು. ಆ ಬುದ್ಧಿಯನ್ನು ಸುಮ್ಮನಿರು ಎಂದು ಗದರಿಸಿದೆ.

ಚೈತ್ರ ಹೊರಗೆ ಬಂದಳು. ಮುಖದ ಬಿಗಿ ಸಡಿಲವಾಗಿತ್ತು. "ನಿಂದೇ ಕಾಯ್ಲೆ ಅಪ್ಪ. ಆದ್ರೆ ಕರುಳಿನ ಕೊನೇ ಭಾಗ್ದಲ್ಲಿ ಮಾತ್ರ ಅದೆ, ಮ್ಯಾಕೆ ಓಗಿಲ್ಲ. ಬೇಗ ಬಂದ್ರಿ ಅಂದ್ರು. ಮಾತ್ರೆ ತಪ್ಪಿಸದೇ ಇದ್ರೆ ಎಲ್ಲಾರಂಗೆ ಇರ್ಬೋದಂತೆ" ಎಂದಳು. ನನ್ನ ಕಣ್ಣು ತುಂಬಿತು. ಅವಳ ಕೈ ಹಿಡಿದುಕೊಂಡು, ದಿನಾ ಮರೆಯದೆ ತಗೋಬೇಕು ಕಣವ್ವ, ಮೈ ಹಗುರಾಯ್ತು ಅಂತ ಬಿಡಬಾರದು, ಈ ಕಾಯಿಲೆ ಅಂಥದ್ದು, ಎಂದು ಐದು ನಿಮಿಷ ಉಪದೇಶ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆಯ್ತು. ಈಗ ಒಳೀಕೆ ಓಗು, ನಿನ್ನ ಕರೀತಾವ್ರೆ" ಎಂದಳು.

"ನನ್ನ ಯಾಕೆ?"

"ನಿಮ್ಮಪ್ಪ ಎಂಗವ್ರೆ ಅಂತ ಕೇಳುದ್ರು. ಬೆಳಿಗ್ಗೆ ನಾಕು ಸಲ, ಸಾಯಂಕಾಲದೊಳಗೆ ಇನ್ನೂ ಮೂರು ಅಂತ ಏಳ್ದೆ. ಮಾತ್ರೆ ನಿಲ್ಸಿ ಎರಡು ತಿಂಗ್ಳಾಯ್ತು ಅಂತಾನೂ ಏಳ್ದೆ."

ನಿಜ. ಹುಷಾರಾದೆನಲ್ಲ, ಇನ್ನೂ ಯಾಕೆ ಎಂದು ಎರಡು ತಿಂಗಳ ಹಿಂದೆ ನಾನೇ ನಿಲ್ಲಿಸಿದ್ದೆ. 'ಫೋನುಗಳು' ಮತ್ತೆ ಬರಲು ಶುರುವಾಗಿದ್ದವು. ಹೆಂಡತಿಗೆ ಹೇಳಿರಲಿಲ್ಲ, ಅವ್ವನಿಗೆ ಹೇಳಿರಲಿಲ್ಲ. ಇಷ್ಟು ಹೊತ್ತು ಮನಸ್ಸು ಬಿಚ್ಚಿ ಮಾತಾಡುತ್ತಿದ್ದೇನೆ ಎಂದು ನೀವು ನಂಬಿಕೊಂಡಿದ್ದಿರಿ, ನಿಮಗೂ ಹೇಳಿರಲಿಲ್ಲ. ಒಂದೇ ಶೌಚಾಲಯವಿರುವ ಮನೆಯಲ್ಲಿ, ತನ್ನ ಸರದಿಗೆ ಬಾಗಿಲ ಹೊರಗೆ ಕಾಯುತ್ತಿದ್ದವಳಿಗೆ ಬೇರೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ತುಂಬಿದ ಹಾಗೇ ಉಳಿದ ಮಾತ್ರೆಯ ಹಾಳೆಗಳನ್ನೂ ಅವಳು ನೋಡಿದ್ದಿರಬೇಕು.

ಎದ್ದು ಒಳಗೆ ಹೋದೆ. ಡಾಕ್ಟರು ನನ್ನ ಹಳೆಯ ಫೈಲು ತೆರೆದಿಟ್ಟುಕೊಂಡು ಕುರ್ಚಿ ತೋರಿಸಿದರು. ಹಿಂದೆಯೇ ಬಂದ ಮಗಳಿಗೆ, ನೀನು ಹೊರಗಿರವ್ವ, ಎಂದೆ.

"ಬೇಡ, ಅವಳು ಇಲ್ಲೇ ಇರಲಿ" ಎಂದರು ಡಾಕ್ಟರು. "ನಿಮ್ಮ ವಿಷಯ ಸರಿಯಾಗಿ ಹೇಳೋರು ಒಬ್ಬರು ಬೇಕು."